ಬಲಗಡೆಯ ಸೀಟು

ನಮ್ಮ ಆಫೀಸಿನ ಗೋಡೆಯ ಮೇಲೆ ಒಬ್ಬ ಹೆಂಗಸಿನ ಪಾಸ್‌ಪೋರ್ಟಿನ ಜೆರಾಕ್ಸ್ ಅಂಟಿಸಿದೆ. ಮೊದಲ ಪುಟ, ಕೊನೆಯ ಪುಟ, ಎರಡರ ಮೇಲೂ ಅಡ್ಡಡ್ಡ ‘ಮಾದರಿ’ ಅನ್ನುವ ನೇರಳೆ ಸೀಲು. ವೀಸಾಕ್ಕೆ ಅರ್ಜಿ ಹಾಕುವವರು ಯಾವ ಪುಟವನ್ನು ಯಾವ ಕಡೆ ತಿರುಗಿಸಿ ಜೆರಾಕ್ಸ್ ಮಾಡಬೇಕೆಂದು ತೋರಿಸಲು ಅಂಟಿಸಿದ್ದು. ಎಷ್ಟು ಸಲ ತೋರಿಸಿದರೂ ಜನ ತಲೆಕೆಳಗಾಗಿಯೇ ಮಾಡಿಸಿಕೊಂಡು ಬರುತ್ತಾರೆ, ಆ ಮಾತು ಬೇರೆ.

ಫೋಟೋದಲ್ಲಿರುವವರು ಟ್ರಾಮಕ್ಕ. ನಮ್ಮದು ಪ್ರವಾಸದ ಟಿಕೆಟ್ಟು, ವೀಸಾ, ಹೋಟೆಲು ಎಲ್ಲ ಮಾಡಿಕೊಡುವ ಸಣ್ಣ ಆಫೀಸು. ಮೂರು ಮೇಜು, ಒಂದು ಜೆರಾಕ್ಸ್ ಯಂತ್ರ, ಒಂದು ಗಾಜಿನ ಬಾಗಿಲು, ಆ ಬಾಗಿಲಿಗೆ ವಾರಕ್ಕೊಮ್ಮೆಯಾದರೂ ಹಣೆ ಹೊಡೆದುಕೊಳ್ಳುವ ಗಿರಾಕಿಗಳು. ಇಲ್ಲಿ ಇಪ್ಪತ್ತಮೂರು ವರ್ಷದಿಂದ ಟ್ರಾಮಕ್ಕ ಒಂದೇ ಕುರ್ಚಿಯಲ್ಲಿ ಕೂತು ಜನರನ್ನು ಯುರೋಪಿಗೆ ಕಳಿಸಿದ್ದಾರೆ. ಯಾವ ಊರಲ್ಲಿ ಎಷ್ಟನೇ ನಂಬರಿನ ಟ್ರಾಮು, ಎಲ್ಲಿ ಹತ್ತಬೇಕು, ಯಾವ ಕಡೆ ಕೂರಬೇಕು, ಎಲ್ಲ ಬಾಯಿಪಾಠ. ಒಂದು ಟ್ರಾಮನ್ನೂ ಕಣ್ಣಾರೆ ಕಂಡವರಲ್ಲ. ಹೋಗಿ ಬಂದವರನ್ನು ಹಿಡಿದು ಕೂರಿಸಿ, ಟೀ ಕುಡಿಸಿ, ಕೇಳಿ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು. ಅಂಥ ನೋಟ್‌ಬುಕ್ಕು ಹನ್ನೊಂದು ಇವೆ.

ಚಳಿಗಾಲಕ್ಕೆ ಊರು ಆರಿಸುವುದರಲ್ಲಿ ಅವರದೇ ಒಂದು ವರಸೆ. ಏಳು ಊರಿನ ಹೆಸರು ಬರೆದ ಚೀಟಿಯನ್ನೂ ಒಂದು ಕೆಂಪು ಪೆನ್ನನ್ನೂ ಗಿರಾಕಿಯ ಮುಂದಿಡುತ್ತಾರೆ.

“ಬೇಕಾದ ಊರು ಹೇಳ್ಬೇಡಿ. ಕೇಳಿದ್ರೆ ಎಲ್ರೂ ಹದಿನಾಲ್ಕು ಹೇಳ್ತಾರೆ. ಬೇಡದ್ದನ್ನ ಹೊಡೆದು ಹಾಕಿ.”

ಒಮ್ಮೆ ಹೆಂಡತಿಯ ಜೊತೆ ಬಂದ ಒಬ್ಬರು ಸ್ಟಾಕ್‌ಹೋಮ್ ಹೊಡೆಯಲು ಒಪ್ಪಲೇ ಇಲ್ಲ.

“ಡಿಸೆಂಬರಲ್ಲಿ ಅಲ್ಲಿ ಮಧ್ಯಾಹ್ನ ಮೂರಕ್ಕೆ ಕತ್ತಲೆ ಸಾರ್. ಊಟ ಮಾಡಿ ಕೈ ತೊಳೆಯೋಷ್ಟರಲ್ಲಿ ದಿನ ಮುಗೀತು. ನಿಮಗೆ ಬಿಸಿಲು ಬೇಕಾ, ದೀಪ ಬೇಕಾ, ಮೊದಲು ಅದನ್ನ ಹೇಳಿ.”

ಗಂಡ ದೀಪ ಅಂದರು. ಹೆಂಡತಿ ಬಿಸಿಲು ಅಂದರು.

“ಹಾಗಾದ್ರೆ ಬೇರೆ ಬೇರೆ ಟಿಕೆಟ್ ಮಾಡ್ಲಾ?” ಅಂದರು ಅಕ್ಕ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಿಸದೆ.

ಇನ್ನು ನನ್ನ ವಿಷಯ. ನಾನು ಮೂರನೇ ಮೇಜು. ಫೈಲು ಜೋಡಿಸುವುದು, ಪುಟ ಎಣಿಸುವುದು, ಸೀಲು ಒತ್ತುವುದು. ಪದವಿ ಓದಿದವನು ಎಂದು ಮನೆಯಲ್ಲಿ ಹೇಳಿಕೊಳ್ಳುತ್ತಾರೆ, ನಾನು ತಡೆಯಲು ಹೋಗಿಲ್ಲ. ಸೇರಿದ ಮೊದಲ ವಾರ ಅಕ್ಕ ತಮ್ಮ ಪಾಸ್‌ಪೋರ್ಟ್ ಕೈಗಿತ್ತು, “ಐವತ್ತು ಜೆರಾಕ್ಸ್ ತೆಗೆದು ಎಲ್ಲದಕ್ಕೂ ಮಾದರಿ ಸೀಲು ಒತ್ತಪ್ಪ. ನನ್ನ ಪಾಸ್‌ಪೋರ್ಟಿಗೆ ಅಷ್ಟಾದರೂ ಕೆಲಸ ಇರಲಿ,” ಅಂದಿದ್ದರು. ಆಗಷ್ಟೇ ಮಾಡಿಸಿದ ಹೊಚ್ಚ ಹೊಸ ಪುಸ್ತಕ. ಹಿಂದಿನದರ ಹತ್ತು ವರ್ಷವೂ ಆಫೀಸಿನ ಲಾಕರಿನಲ್ಲೇ ಕಳೆದಿತ್ತು.

ನಾನು ಹುಮ್ಮಸ್ಸಿನಲ್ಲಿ ಐವತ್ತೊಂದು ಒತ್ತಿದೆ. ಐವತ್ತೊಂದನೆಯದು ಜೆರಾಕ್ಸ್ ಆಗಿರಲಿಲ್ಲ, ರಾಶಿಯ ಅಡಿಯಲ್ಲಿ ತೆರೆದುಕೊಂಡಿದ್ದ ಪಾಸ್‌ಪೋರ್ಟೇ. ವಿಳಾಸವಿದ್ದ ಕೊನೆಯ ಪುಟದ ಮೇಲೆ ಸೀಲು ಸ್ಪಷ್ಟವಾಗಿ, ನೆಟ್ಟಗೆ ಬಿದ್ದಿತ್ತು. ನಾನು ಜೀವನದಲ್ಲಿ ಒತ್ತಿದ ಅತ್ಯುತ್ತಮ ಸೀಲು ಅದು. ರಬ್ಬರಿನಲ್ಲಿ ಉಜ್ಜಿದೆ. ಎಂಜಲು ಹಚ್ಚಿ ಉಜ್ಜಿದೆ. ಬಣ್ಣ ಹೋಗಲಿಲ್ಲ, ಕಾಗದ ಹೋಯಿತು. ಆ ಜಾಗ ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗಾಗಿ, ವಿಳಾಸದ ಅರ್ಧ ಸಾಲು ಅಳಿಸಿತು. ಪುಸ್ತಕ ಮುಚ್ಚಿ ಲಾಕರಿನಲ್ಲಿಟ್ಟೆ. ಹೇಗೂ ಇವರು ಎಲ್ಲಿಗೂ ಹೋಗುವವರಲ್ಲ ಅಂದುಕೊಂಡೆ. ಆಫೀಸಿನಲ್ಲಿ ಎಲ್ಲರೂ ಹಾಗೇ ಅಂದುಕೊಂಡಿದ್ದರು. ನಾನು ಒಬ್ಬನೇ ಅದರ ಮೇಲೆ ಸೀಲು ಒತ್ತಿದವನು.

ಎರಡು ವರ್ಷ ಯಾರೂ ಆ ಪುಸ್ತಕ ತೆರೆಯಲಿಲ್ಲ. ತೆರೆಯುವ ಅಗತ್ಯವೇ ಇರಲಿಲ್ಲ. ನಂಬರು, ತಾರೀಖು ಎಲ್ಲ ಗೋಡೆಯ ಮೇಲೇ ಇತ್ತಲ್ಲ.

ಹೋದ ವರ್ಷ ಅಕ್ಟೋಬರಿನಲ್ಲಿ ಒಂದು ಬಡಾವಣೆಯ ಇಪ್ಪತ್ತು ಜನ ಹಿರಿಯರು ಒಟ್ಟಿಗೆ ಬಂದರು. ಡಿಸೆಂಬರಿನಲ್ಲಿ ಯುರೋಪು, ಮೂರು ಊರು, ಯಾವುದಾದರೂ ಸರಿ. “ಆದ್ರೆ ಅಕ್ಕ ಜೊತೇಲಿ ಬಂದ್ರೆ ಮಾತ್ರ,” ಅಂದರು ಅವರಲ್ಲಿ ಮುಂದಾಳಾಗಿದ್ದ ನಿವೃತ್ತ ಮೇಷ್ಟ್ರು. ಇಪ್ಪತ್ತು ಟಿಕೆಟ್ಟಿಗೆ ಒಂದು ಪುಕ್ಕಟೆ ಎಂಬ ಲೆಕ್ಕ ನಮ್ಮ ಮಾಲೀಕರಿಗೆ ಗೊತ್ತಿತ್ತು. ಧಾರಾಳವಾಗಿ ನಕ್ಕು, “ಹೋಗಿ ಬನ್ನಿ ಅಕ್ಕ,” ಅಂದರು. ಆಮೇಲೆ, ಟೀ ಲೋಟ ಕೆಳಗಿಡುತ್ತ, ನನ್ನ ಕಡೆ ತಿರುಗಿ ಸುಮ್ಮನೆ ಒಂದು ಮಾತು ಸೇರಿಸಿದರು. “ಅವರಿಗೇನಾದ್ರೂ ಹೋಗೋಕೆ ಆಗದಿದ್ರೆ ನೀನು ರೆಡಿ ಇರು.”

ಆ ಮಾತನ್ನು ಮನೆಗೆ ಹೊತ್ತುಕೊಂಡು ಹೋದೆ. ನಾನು ಏನೂ ಸಂಚು ಮಾಡಲಿಲ್ಲ. ಸಂಚು ಮಾಡಲು ಧೈರ್ಯ ಬೇಕು. ನಾನು ಸುಮ್ಮನಿದ್ದೆ ಅಷ್ಟೆ. ಅರ್ಜಿ ಸಲ್ಲಿಸಲು ಆರು ವಾರ ಇತ್ತು. ಕೆಟ್ಟ ಪಾಸ್‌ಪೋರ್ಟ್ ಕೊಟ್ಟು ಹೊಸದು ಮಾಡಿಸಲು ಐದು ವಾರ ಸಾಕು. ನಾಳೆ ಹೇಳಿದರಾಯಿತು ಅಂದುಕೊಂಡೆ. ಮರುದಿನವೂ ಅದನ್ನೇ ಅಂದುಕೊಂಡೆ.

ಅಕ್ಕನಿಗೋ ಬೇರೆಯೇ ಸಂಕಟ. ಊರವರಿಗೆಲ್ಲ ಹತ್ತು ನಿಮಿಷದಲ್ಲಿ ಊರು ಆರಿಸಿಕೊಡುವವರು ತಮ್ಮದೇ ಚೀಟಿಯನ್ನು ಹನ್ನೊಂದು ದಿನ ಪರ್ಸಿನಲ್ಲಿಟ್ಟುಕೊಂಡು ತಿರುಗಿದರು.

“ಪ್ಯಾರಿಸ್ ಹೊಡೀಲೇನೋ?”

“ಯಾಕಕ್ಕಾ, ಎಲ್ರೂ ಮೊದಲು ಅದನ್ನೇ ಹೇಳ್ತಾರಲ್ಲ.”

“ಅದಕ್ಕೇ. ಹೋಗಿ ಬಂದೋರು ಕಾಲು ನೋವಿನ ಸುದ್ದಿ ಬಿಟ್ಟು ಬೇರೇನೂ ಹೇಳಿಲ್ಲ ನಂಗೆ.” ಕೆಂಪು ಗೆರೆ ಎಳೆದರು. ಮೂರಕ್ಕೇ ಕತ್ತಲಾಗುವ ಸ್ಟಾಕ್‌ಹೋಮಿಗೆ ಅವರೇ ಎಳೆದ ಗೆರೆ ಮೊದಲೇ ಇತ್ತು. ವೆನಿಸ್‌ನಲ್ಲಿ ಚಳಿಗಾಲಕ್ಕೆ ನೀರು ಬೀದಿಗೇ ಬರುತ್ತದೆ, ಹಿರಿಯರು ಜಾರಿ ಬಿದ್ದರೆ ಎತ್ತುವವರು ಯಾರು ಎಂದು ಅದೂ ಹೋಯಿತು. ಲಿಸ್ಬನ್ ಹೊಡೆಯುವಾಗ ಪೆನ್ನು ಸ್ವಲ್ಪ ನಿಂತಿತು. “ಬಿಸಿಲು ಇಲ್ಲೇ ಇದೆಯಲ್ಲ, ಬಿಡು.” ಉಳಿದದ್ದು ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್.

“ಬುಡಾಪೆಸ್ಟಲ್ಲಿ ಎರಡನೇ ನಂಬರ್ ಟ್ರಾಮು,” ಅಂದರು. “ಪಾರ್ಲಿಮೆಂಟಿನ ಹತ್ರ ಹತ್ತಿ, ದಕ್ಷಿಣಕ್ಕೆ ಹೋಗೋವಾಗ ಬಲಗಡೆ ಸೀಟು ಹಿಡೀಬೇಕು. ಪೂರ್ತಿ ದಾರಿ ನದಿ. ನಾಲ್ಕಕ್ಕೆ ಕತ್ತಲಾಗುತ್ತೆ, ಅದಕ್ಕೆ ಮೂರೂವರೆಗೆ ಹತ್ತಬೇಕು. ಅರ್ಧ ದಾರಿ ಬೆಳಕಲ್ಲಿ, ಅರ್ಧ ದಾರಿ ದೀಪದಲ್ಲಿ. ಎಷ್ಟು ಜನಕ್ಕೆ ಹೇಳಿದೀನೋ, ಒಂದು ಸಾವಿರ ಆಗಿರ್ಬೇಕು. ಸುಳ್ಳಾಗಿದ್ರೆ ಗತಿಯೇನು ಅಂತ ಒಂದೊಂದ್ಸಲ ಭಯ ಆಗುತ್ತೆ ಕಣೋ.”

ಆಗ ಹೇಳಬಹುದಿತ್ತು. ಇನ್ನೂ ನಾಲ್ಕು ವಾರಕ್ಕಿಂತ ಮೇಲಿತ್ತು, ಮಾಲೀಕರು ಒಂದು ಫೋನು ಮಾಡಿದ್ದರೆ ಸಾಕಾಗುತ್ತಿತ್ತು. ನಾನು, “ಟೀ ತರಿಸ್ಲಾ ಅಕ್ಕಾ?” ಅಂದೆ.

ನವೆಂಬರಿನ ಮೊದಲ ಭಾನುವಾರ ಅರ್ಜಿಗೆ ಸಹಿ ಹಾಕಿಸಲು ಅವರ ಮನೆಗೆ ಹೋದೆ. ಎರಡು ಕೋಣೆಯ ಮನೆ, ಕಿಟಕಿಯ ಬಳಿ ಹೊಲಿಗೆ ಯಂತ್ರ. ಅಕ್ಕ ಯಾವನೋ ಗಿರಾಕಿ ಬಿಟ್ಟುಹೋದ ಗಂಡಸರ ಕೋಟನ್ನು ಮಡಿಲಲ್ಲಿಟ್ಟುಕೊಂಡು ತೋಳು ಬಿಚ್ಚುತ್ತಿದ್ದರು. ಅವರಿಗೆ ನಾಲ್ಕು ಬೆರಳು ಉದ್ದ ಇತ್ತಂತೆ, ಕತ್ತರಿಸಿ ಮಡಚಿ ಹೊಲಿಯುತ್ತಿದ್ದರು. ಅವರ ಯಜಮಾನರು ಪೇಪರಿನ ಹಿಂದಿನಿಂದ, “ನಿಮ್ಮಕ್ಕ ದಿನಾ ಫ್ರಿಜ್ ಬಾಗಿಲು ತೆಗೆದು ಅದರ ಮುಂದೆ ನಿಂತು ಚಳಿ ಅಭ್ಯಾಸ ಮಾಡ್ತಾ ಇದಾಳಪ್ಪ. ಕರೆಂಟ್ ಬಿಲ್ಲು ನಿಮ್ಮ ಮಾಲೀಕರಿಗೇ ಕಳಿಸ್ತೀನಿ,” ಅಂದರು.

“ನೀವು ಸುಮ್ನಿರಿ. ಹತ್ತು ದಿನ ನಾನಿಲ್ದೆ ಟವೆಲ್ ಎಲ್ಲಿದೆ ಅಂತ ಗೊತ್ತಾಗುತ್ತಾ ನಿಮಗೆ?”

“ಇರೋವಾಗ್ಲೇ ಗೊತ್ತಿಲ್ವಲ್ಲೇ.”

ಇಬ್ಬರೂ ನಕ್ಕರು. ನಾನೂ ನಕ್ಕೆ. ನನ್ನ ನಗು ಸ್ವಲ್ಪ ಜೋರಾಗಿಯೇ ಇತ್ತು. ಅಕ್ಕ ಸಹಿ ಹಾಕಿ, “ಪುಟ ಎಲ್ಲ ನೋಡಿದೀಯ ತಾನೆ?” ಎಂದು ಕೇಳಿದರು. ಇಪ್ಪತ್ತು ಜನರ ಪಾಸ್‌ಪೋರ್ಟನ್ನು ಅವರೇ ದೀಪಕ್ಕೆ ಹಿಡಿದು ನೋಡಿದ್ದರು. ತಮ್ಮದನ್ನು ಮಾತ್ರ ನನಗೆ ಬಿಟ್ಟಿದ್ದರು.

“ನೋಡಿದೀನಿ ಅಕ್ಕಾ,” ಅಂದೆ. ಅದು ನಿಜವೇ. ನನ್ನಷ್ಟು ಸಲ ಆ ಪುಟವನ್ನು ಯಾರೂ ನೋಡಿರಲಿಲ್ಲ.

ವೀಸಾ ಕೇಂದ್ರದ ಕಿಟಕಿಯಲ್ಲಿದ್ದ ಹುಡುಗಿ ಇಪ್ಪತ್ತು ಪುಸ್ತಕ ತಿರುವಿ ಒಳಗಿಟ್ಟಳು. ಇಪ್ಪತ್ತೊಂದನೆಯದರ ಕೊನೆಯ ಪುಟದಲ್ಲಿ ಬೆರಳಾಡಿಸಿ, ಅದನ್ನು ಬೆಳಕಿಗೆ ಹಿಡಿದು, ಗಾಜಿನ ಕೆಳಗಿನ ಸಂದಿನಿಂದ ಹೊರಗೆ ತಳ್ಳಿದಳು. “ಇದು ನಡೆಯಲ್ಲ ಮೇಡಂ. ಹೊಸದು ಮಾಡಿಸಿ ಬನ್ನಿ.”

ಅಕ್ಕ ಅಲ್ಲೇ ನಿಂತು ಪುಟ ನೋಡಿದರು. ಊರಲ್ಲಿ ಅಂಥ ಸೀಲು ಇರುವುದು ಒಂದೇ, ಅದನ್ನು ಒತ್ತುವ ಕೈಯೂ ಒಂದೇ. ಆಮೇಲೆ ನನ್ನನ್ನು ನೋಡಿದರು. ಬಸ್ಸಿನಲ್ಲಿ ವಾಪಸು ಬರುವಾಗ ಏಳೆಂಟು ನಿಲ್ದಾಣ ಕಳೆದ ಮೇಲೆ ಕೇಳಿದರು.

“ಯಾವಾಗ?”

“ಸೇರಿದ ಮೊದಲ ವಾರ ಅಕ್ಕಾ.”

“ಅದಲ್ಲ. ಅಕ್ಟೋಬರಲ್ಲಿ ನಿಂಗೆ ನೆನಪಿತ್ತಾ?”

ನಾನು ಕೈಲಿದ್ದ ಬಸ್ ಟಿಕೆಟ್ಟನ್ನು ನಾಲ್ಕಾಗಿ ಮಡಚಿದೆ.

“ಆರು ವಾರ ಇತ್ತು ಕಣೋ ನನ್ನ ಕೈಲಿ,” ಅಂದರು. ಬೈಯಲಿಲ್ಲ. ನಾನು ಬೈಗುಳಕ್ಕೆ ತಯಾರಾಗಿದ್ದೆ, ಒಂದಿಷ್ಟು ಅಳಲಿಕ್ಕೂ ತಯಾರಾಗಿದ್ದೆ. ಅವರು ಅದಕ್ಕೆ ಅವಕಾಶ ಕೊಡಲಿಲ್ಲ.

ಮಾಲೀಕರ ಮುಂದೆ ಅಕ್ಕ, “ನಾನೇ ಯಾವಾಗಲೋ ಕೈತಪ್ಪಿ ಒತ್ತಿರ್ಬೇಕು,” ಅಂದರು. ಮಾಲೀಕರು ಚ್ಚು ಚ್ಚು ಅಂದರು, ಮುಂದಿನ ವರ್ಷ ನೋಡೋಣ ಅಂದರು, ನನ್ನ ಕಡೆ ತಿರುಗಿ, “ನಿನ್ನ ಪಾಸ್‌ಪೋರ್ಟ್ ಸರಿ ಇದೆ ತಾನೆ?” ಅಂದರು.

“ಇದೆ ಸಾರ್.” ಅಷ್ಟು ಬೇಗ ನಾನು ಯಾವ ಪ್ರಶ್ನೆಗೂ ಉತ್ತರ ಕೊಟ್ಟವನಲ್ಲ.

ಮುಂದಿನ ಮೂರು ವಾರ, ನನ್ನ ವೀಸಾ ಬರುವಷ್ಟರಲ್ಲಿ, ಅಕ್ಕ ನನಗೆ ಪಾಠ ಮಾಡಿದರು. ಯಾವ ಹಿರಿಯರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಕೆಳಮಹಡಿಯ ಕೋಣೆ, ಯಾವ ಸ್ಟೇಷನ್ನಿನಲ್ಲಿ ಲಿಫ್ಟು. ಎಲ್ಲವನ್ನೂ ಬಿಡಿಸಿ ಹೇಳಿದರು, ಕೆಲಸದ ಮಾತು ಬಿಟ್ಟು ಒಂದು ಮಾತೂ ಹೆಚ್ಚಿಗೆ ಆಡಲಿಲ್ಲ. ಹೊರಡುವ ಹಿಂದಿನ ದಿನ ಕೋಟು ತಂದು ನನ್ನ ಮೇಜಿನ ಮೇಲಿಟ್ಟರು. “ಇಟ್ಕೊಂಡು ನಾನೇನು ಮಾಡ್ಲಿ.”

ಹಾಕಿಕೊಂಡೇ ಹೋದೆ. ಮೂರು ಊರಲ್ಲೂ ನನ್ನ ಮಣಿಕಟ್ಟುಗಳು ತೋಳಿನಿಂದ ನಾಲ್ಕು ಬೆರಳು ಆಚೆ ಇದ್ದು ನೀಲಿಗಟ್ಟಿದವು. ಮೇಷ್ಟ್ರು, “ಯಾರಪ್ಪ ನಿನ್ನ ದರ್ಜಿ?” ಎಂದು ದಿನಕ್ಕೊಮ್ಮೆ ಕೇಳಿ ಹತ್ತೊಂಬತ್ತು ಜನರನ್ನು ನಗಿಸುತ್ತಿದ್ದರು. ಬುಡಾಪೆಸ್ಟಿನಲ್ಲಿ ಎರಡನೇ ನಂಬರಿನ ಟ್ರಾಮು ಹತ್ತಿದೆವು, ಮೂರೂವರೆಗೆ ಸರಿಯಾಗಿ. ಬಲಗಡೆಯ ಸೀಟುಗಳಿಗೆ ಹಿರಿಯರು ಮುಗಿಬಿದ್ದರು. ನಾನು ನಡುವೆ ಕಂಬ ಹಿಡಿದು ನಿಂತು ತಲೆ ಎಣಿಸಿದೆ. ಹತ್ತೊಂಬತ್ತೇ ಬಂತು. ಮತ್ತೆ ಎಣಿಸಿದೆ. ಇಪ್ಪತ್ತನೆಯವರು ಮೇಷ್ಟ್ರು, ಬಗ್ಗಿ ಶೂ ಲೇಸು ಕಟ್ಟಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಇಳಿಯುವ ಜಾಗ ಬಂದಿತ್ತು. ನದಿ ಇತ್ತಂತೆ. ಎಲ್ಲರೂ ಹೇಳಿದರು.

ಹಿಂತಿರುಗಿ ಬಂದ ದಿನ, ಕೇಳುತ್ತಾರೆ ಎಂದು ಕಾದೆ. ಹೋಗಿ ಬಂದ ಯಾರನ್ನೂ ಅಕ್ಕ ಹಾಗೇ ಬಿಟ್ಟವರಲ್ಲ. ಟೀ ಬಂತು, ನೋಟ್‌ಬುಕ್ಕು ಬರಲಿಲ್ಲ. ಹೊಸ ಪಾಸ್‌ಪೋರ್ಟಿಗೂ ಅವರು ಅರ್ಜಿ ಹಾಕಲಿಲ್ಲ.

ಈ ವರ್ಷ ಚಳಿಗಾಲದ ಪ್ರವಾಸ ವಿಚಾರಿಸಲು ಜನ ಬರತೊಡಗಿದಾಗ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂತು. ಅಕ್ಕ ಚೀಟಿ ಕೊಟ್ಟರು, ಕೆಂಪು ಪೆನ್ನು ಕೊಟ್ಟರು. ಅವರು ಬುಡಾಪೆಸ್ಟ್ ಉಳಿಸಿಕೊಂಡರು. ಹುಡುಗಿ, “ಟ್ರಾಮಲ್ಲಿ ಯಾವ ಕಡೆ ಕೂರಬೇಕು ಅಂತ ನಿಮ್ಮನ್ನೇ ಕೇಳ್ಬೇಕಂತೆ ಅಕ್ಕ, ನಮ್ಮತ್ತೆ ಹೇಳಿ ಕಳಿಸಿದಾರೆ,” ಅಂದಳು.

ಅಕ್ಕ ತಲೆಯೆತ್ತಲಿಲ್ಲ. ಹೆಬ್ಬೆರಳಿನಿಂದ ನನ್ನ ಮೇಜಿನ ಕಡೆ ತೋರಿಸಿದರು.

“ಅಲ್ಲಿ ಕೇಳಮ್ಮ. ನೋಡಿ ಬಂದಿರೋನು ಅವನು.”

ಜೋಡಿ ನನ್ನ ಕಡೆ ತಿರುಗಿ ಕಾದಿತು.

“ಬಲಗಡೆ,” ಅಂದೆ.