ಡೀಸೆಲ್ ಟಾಕಿಗೆ ಬಿದ್ದ ಬೀಗ

ಸೊಲ್ಲಾಪುರದಲ್ಲಿ ಹೆಚ್ಚಿನ ಪಗಾರ ಸಿಕ್ಕಿತು, ಅದಕ್ಕೇ ಕಾಕಾ ನಮ್ಮ ಗಾಡಿ ಬಿಟ್ಟು ಹೋದರು ಅಂತ ನಮ್ಮ ಮನೆಯಲ್ಲಿ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹೆಚ್ಚಿನ ಪಗಾರ ಸಿಕ್ಕವರು ಗಾಡಿ ಬಿಟ್ಟ ಆ ಬೇಸಿಗೆ ಪೂರ್ತಿ ನಮ್ಮೂರಾದ ದೇವಣಗಾಂವದ ತಮ್ಮ ಮನೆ ಕಟ್ಟೆಯ ಮೇಲೆ ಸುಮ್ಮನೆ ಯಾಕೆ ಕುಳಿತಿದ್ದರು? ಸೊಲ್ಲಾಪುರದ ಮಾತು ಬಂದದ್ದೇ ಮಳೆಗಾಲ ಮುಗಿದ ಮೇಲೆ. ಆಮೇಲೆ ಬಂದದ್ದು ಮೊದಲಿನದಕ್ಕೆ ಕಾರಣ ಹೇಗಾದೀತು?

ಮೊನ್ನೆ, ನಾನೀಗ ಇರುವ ಮುದ್ದೇಬಿಹಾಳದ ಬಂಕಿನಲ್ಲಿ ನನ್ನ ಸ್ಕೂಟಿಯ ಟಾಕಿ ಮುಚ್ಚಳ ತೆಗೆದಾಗ ಅದು ಸುಯ್ ಅಂತ ಸಪ್ಪಳ ಮಾಡಿತು. ಹಿಂದೆ ನಿಂತಿದ್ದ ಟ್ರ್ಯಾಕ್ಟರಿನಿಂದ ಡೀಸೆಲ್ ವಾಸನೆ ಬರುತ್ತಿತ್ತು... ಪಂಪಿನವನು "ಮುಂದ ಬರ್ರಿ ಮೇಡಂ" ಎಂದು ಮತ್ತೆ ಮತ್ತೆ ಕರೆಯಬೇಕಾಯಿತು.

ಕಾಕಾ ನಮ್ಮ ಪಿಕಪ್‌ನ ಡ್ರೈವರ್. ನಮ್ಮ ತೋಟದ ಲಿಂಬೆ ಚೀಲಗಳನ್ನು ಇಂಡಿ ಪಟ್ಟಣದ ಮಾರ್ಕೆಟ್ಟಿಗೆ ಒಯ್ಯುವಾಗ ನನ್ನನ್ನೂ ಕಾಲೇಜಿಗೆ ಬಿಡುತ್ತಿದ್ದರು. ಚರ್ಚಾಸ್ಪರ್ಧೆಗೆ ನನಗೆ ಯಾವ ವಿಷಯ ಬಂದರೂ ಅವರದು ಎದುರು ಪಕ್ಷ. "ಮೊಬೈಲು ಶಾಪ ಅಂತ ನೀ ಅನ್ನು ಯವ್ವಾ, ವರ ಅಂತ ನಾ ಅಂತೇನಿ" ಎಂದು ಗೇರ್ ಹಾಕುತ್ತಲೇ ಶುರು ಮಾಡುತ್ತಿದ್ದರು. ಪ್ರತಿಸಲ ಸೋಲುತ್ತಿದ್ದರು. ಬೇಕಂತಲೇ ಸೋಲುತ್ತಿದ್ದರೇನೋ ಎಂಬ ಸಂಶಯ ನನಗೆ ಆಗ ಬಂದಿರಲಿಲ್ಲ.

ಆ ವರ್ಷ ಗಾಡಿ ತಡವರಿಸತೊಡಗಿತು. ಊರು ಬಿಡುವಾಗ ಚೆನ್ನಾಗಿಯೇ ಓಡುತ್ತಿತ್ತು. ಅರ್ಧ ದಾರಿ ಆದಮೇಲೆ ಎಕ್ಸಿಲರೇಟರ್ ಒತ್ತಿದರೆ ಏಳುವುದೋ ಬೇಡವೋ ಎಂದು ವಿಚಾರ ಮಾಡಿ, ಜಗ್ಗಿ, ಆಮೇಲೆ ಏಳುತ್ತಿತ್ತು. ಏರಿನಲ್ಲಿ ಕಬ್ಬಿನ ಗಾಡಿ ಹಿಂದಿಕ್ಕಲೂ ಧೈರ್ಯ ಸಾಲದು. ಕಾಕಾ ಬದಿಗೆ ನಿಲ್ಲಿಸಿ, ಒಂದಷ್ಟು ಹೊತ್ತು ಬಿಟ್ಟು, ಮತ್ತೆ ಹೊರಡುತ್ತಿದ್ದರು. ಇಂಡಿ ಮುಟ್ಟುವಷ್ಟರಲ್ಲಿ ಲಿಲಾವಿನಲ್ಲಿ ಅರ್ಧ ಮಾಲು ಹರಾಜಾಗಿರುತ್ತಿತ್ತು, ರೇಟು ಇಳಿದಿರುತ್ತಿತ್ತು.

ಅಪ್ಪ ಗಾಡಿಯನ್ನು ತಾವೇ ಎರಡು ಮೂರು ಸಲ ಗ್ಯಾರೇಜಿಗೆ ಒಯ್ದರು. ಫಿಲ್ಟರ್ ಬದಲಾಯಿತು, ಪೈಪು ನೋಡಿದ್ದಾಯಿತು. ಅಲ್ಲಿ ಓಡಿಸಿದರೆ ಏನೂ ತೊಂದರೆಯಿಲ್ಲ. "ಗಾಡಿ ಬರೋಬ್ಬರಿ ಐತಿ. ಹೊಡಿಯಾವ್ರ ಕಾಲಾಗ ಜೀವ ಇಲ್ಲ" ಎಂದರು ಅಪ್ಪ.

ಗ್ಯಾರೇಜಿನಲ್ಲಿ ಇಲ್ಲದ ರೋಗ ದಾರಿಯಲ್ಲಿ ಮಾತ್ರ ಹೇಗೆ ಬರುತ್ತದೆ? ಇದು ನನ್ನ ತಲೆಯಲ್ಲಿ ಹೊಕ್ಕು ಕುಳಿತಿತ್ತು. ಅಪ್ಪ ಗ್ಯಾರೇಜಿಗೆ ಹೋಗುವ ಮೊದಲು ಪ್ರತಿಸಲ ಡೀಸೆಲ್ ಹಾಕಿಸುತ್ತಿದ್ದರು. ಅಂದರೆ ಟಾಕಿಯ ಮುಚ್ಚಳ ತೆಗೆಯುತ್ತಿದ್ದರು. ಆ ಮುಚ್ಚಳಕ್ಕೆ ಈಚೆಗೆ ಬೀಗ ಬಿದ್ದಿತ್ತು, ಕೀಲಿ ಅಪ್ಪನ ಜೇಬಿನಲ್ಲಷ್ಟೇ ಇರುತ್ತಿತ್ತು. ಒಂದು ದಿನ ಅವರು ಬೆಳಿಗ್ಗೆಯೇ ಬಸ್ಸಿಗೆ ಇಂಡಿಗೆ ಹೋಗುವವರಿದ್ದರು. ದಾರಿಯಲ್ಲಿ ಡೀಸೆಲ್ ಹಾಕಿಸು ಎಂದು ಕೀಲಿ ನನ್ನ ಕೈಗೆ ಕೊಟ್ಟರು.

ಬಂಕು ಇನ್ನೂ ದೂರವಿದ್ದಾಗಲೇ ಗಾಡಿ ಜಗ್ಗಿತು. ಇಳಿದು ಬೀಗ ತೆಗೆದೆ. ಟಾಕಿ ಉದ್ದಕ್ಕೆ ಉಸಿರೆಳೆದುಕೊಂಡಿತು. ಮುಚ್ಚಳದ ಒಳಗೆ, ಗಾಳಿ ಆಡುವ ಸಣ್ಣ ತೂತಿನ ಮೇಲೆ, ಬೀಗ ಹಾಕಿಸುವಾಗ ಮುಚ್ಚಳ ಅಲುಗದಿರಲೆಂದು ಇಟ್ಟಿದ್ದ ಸೈಕಲ್ ಟ್ಯೂಬಿನ ತುಂಡು ಬಿಗಿಯಾಗಿ ಕುಳಿತಿತ್ತು. ಡೀಸೆಲ್ ಖಾಲಿಯಾದ ಜಾಗಕ್ಕೆ ಗಾಳಿ ಹೋಗಲು ದಾರಿಯೇ ಇಲ್ಲ. ಇಂಜಿನ್ನು ಎಳೆದರೂ ಡೀಸೆಲ್ ಬರುತ್ತಿಲ್ಲ. ಟ್ಯೂಬು ಕಿತ್ತು ಮುಚ್ಚಳ ಹಾಕಿದೆ. ಗಾಡಿ ಜಗ್ಗದೆ ಏರು ಹತ್ತಿತು.

ನಾನು ಕುಣಿಯುವುದೊಂದು ಬಾಕಿ. ಕಾಕಾನ ಮುಖದಲ್ಲಿ ಸಂತೋಷವಿರಲಿಲ್ಲ.

"ನಿಮಗ ಗೊತ್ತಿತ್ತೇನ್ರಿ ಕಾಕಾ?"

"ದಿನಾ ಹೊಡಿಯಾವಗ ಗೊತ್ತಾಗಂಗಿಲ್ಲೇನ ಯವ್ವಾ?"

"ಮತ್ತ ಯಾಕ ಹೇಳ್ಲಿಲ್ಲ?"

"ಹೇಳಿದ್ರ, ಬೀಗ ಯಾಕ ಬಿತ್ತು ಅನ್ನೂ ಮಾತು ಬರ್ತೈತಿ. ಅದು ಬರೂದು ಬ್ಯಾಡ. ಟ್ಯೂಬ್ ಒಗದು ಬಿಡು. ಗಾಡಿ ತಾನ ನೆಟ್ಟಗಾತು ಅಂದ್ರಾತು."

ಒಗೆಯಬಹುದಿತ್ತು. ಅಷ್ಟಕ್ಕೇ ಎಲ್ಲ ಮುಗಿಯುತ್ತಿತ್ತು...

ಅಂದೂ ತಡವಾಗಿತ್ತು. ಮಾರ್ಕೆಟ್ಟಿನಲ್ಲಿ ದಲಾಲರೊಬ್ಬರು, "ಬಂದ್ರಿ ಕಾಕಾ? ದಾರ್ಯಾಗ ಎಲ್ಲೆರ ಮದುವಿ ಊಟ ಇತ್ತೇನ್ರಿ?" ಎಂದರು. ಮಂದಿ ನಕ್ಕರು. ಅಪ್ಪನೂ ನಕ್ಕರು. ನನಗೆ ತಡೆಯಲಾಗಲಿಲ್ಲ. ಕಾಕಾನ ಪರವಾಗಿಯೇ ನಿಂತೆ, ಇದನ್ನು ಯಾರೂ ಅಲ್ಲಗಳೆಯಲಾರರು. ಟ್ಯೂಬಿನ ತುಂಡು ಎತ್ತಿ ಹಿಡಿದು ಒಂದೊಂದೇ ಅಂಶ ಬಿಡಿಸಿ ಹೇಳಿದೆ. ಚಪ್ಪಾಳೆಯೊಂದು ಇರಲಿಲ್ಲ, ಅಷ್ಟೇ. ಕೊನೆಗೆ ನಾನೇ ಕೇಳಿದೆ: "ತಪ್ಪು ಕಾಕಾನ ಕಾಲಿಂದಲ್ಲ, ಬೀಗದ್ದು. ಆ ಬೀಗ ಯಾಕ ಬಿತ್ತು ಅಂತ ಕೇಳ್ರಿ ಮತ್ತ!"

"ಯಾಕ್ರಿ ಸಾವ್ಕಾರ್ರ," ಎಂದರು ಅದೇ ದಲಾಲರು, "ರಾತ್ರಿ ಡೀಸೆಲ್ ಕುಡಿಯಾಕ ಬೆಕ್ಕು ಬರ್ತಿತ್ತೇನ್ರಿ?"

ಅಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಎಲ್ಲರ ಕಣ್ಣೂ ಕಾಕಾನ ಕಡೆಗೆ ತಿರುಗಿದವು. ಅಲ್ಲಿಯವರೆಗೆ ಅಪ್ಪನ ಮನಸ್ಸಿನೊಳಗಷ್ಟೇ ಇದ್ದ ಡೀಸೆಲ್ ಕಳವಿನ ಸಂಶಯವನ್ನು ನಾನು ಇಡೀ ಮಾರ್ಕೆಟ್ಟಿಗೆ ಹಂಚಿದ್ದೆ.

ಕಾಕಾ ಚೀಲಗಳನ್ನೆಲ್ಲ ಇಳಿಸಿದರು. ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಗಾಡಿಯ ಕೀಲಿಯನ್ನು ಅಪ್ಪನಿಗೆ ಕೊಡದೆ ನನ್ನ ಅಂಗೈಯಲ್ಲಿಟ್ಟು, "ಭಾಳ ಚಲೋ ಮಾತಾಡ್ದಿ ಯವ್ವಾ" ಎಂದರು. ಅದರಲ್ಲಿ ಕುಟುಕು ಇದ್ದಿದ್ದರೆ ನಾನು ಉತ್ತರ ಕೊಡುತ್ತಿದ್ದೆ. ಇರಲಿಲ್ಲ.

ಆ ಬೇಸಿಗೆಯಲ್ಲಿ ಅವರ ಕಟ್ಟೆಯ ಮುಂದೆ ಹಾಯುವಾಗ ನಾನು ತಲೆ ಬಗ್ಗಿಸಿಕೊಂಡು ನಡೆದೆ. ಒಂದು ಸಲವೂ ನಿಲ್ಲಲಿಲ್ಲ. ಹೋದ ತಿಂಗಳು ಅವರು ಸೊಲ್ಲಾಪುರದಲ್ಲಿಯೇ ತೀರಿಕೊಂಡರು. ಮಣ್ಣಾದ ಮೇಲೆ ನಮಗೆ ಸುದ್ದಿ ಬಂತು. ಮೊದಲೇ ಹೇಳಬೇಕಿತ್ತು ಎನ್ನುವ ಹಕ್ಕು ನಮಗಿಲ್ಲ.

ಈ ಸಲ ಊರಿಗೆ ಹೋದಾಗ, ಊಟಕ್ಕೆ ಕುಳಿತಿದ್ದ ಅಪ್ಪನನ್ನು ಕೇಳಿದೆ. ರೊಟ್ಟಿ ಮುರಿಯುತ್ತಿದ್ದ ಅವರ ಕೈ ನಿಂತಿತು, ತಲೆ ಮೇಲೇಳಲಿಲ್ಲ.

"ಅಪ್ಪಾ, ಬೀಗ ಹಾಕಿದ ಮ್ಯಾಲ ಡೀಸೆಲ್ ಖರ್ಚು ಖರೇನ ಕಡಿಮಿ ಆಗಿತ್ತೇನು?"