ನಾನು ಎಳೆದ ಷಟರ್

ಮಡಕಶಿರದ ಪೇಟೆಯಲ್ಲಿ ಯಾರಾದರೂ ಅಂಗಡಿಯ ಷಟರ್ ಎಳೆದರೆ ಈಗಲೂ ನನ್ನ ಕಾಲು ನಿಂತುಬಿಡುತ್ತದೆ. ರಾಯದುರ್ಗದ ಕೆಲಸ ಬಿಟ್ಟು ಊರಿಗೆ ಬಂದು ವರ್ಷವಾಗುತ್ತಾ ಬಂತು.

ಬಿ.ಕಾಂ. ಓದಿದ್ದೇನೆಂದು ಅಲ್ಲಿನ ಒಂದು ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ನನ್ನನ್ನು ಸೂಪರ್‌ವೈಸರ್ ಮಾಡಿದ್ದರು. ಹೊಲಿದ ಪ್ಯಾಂಟುಗಳಲ್ಲಿ ಜೋತುಬಿದ್ದ ದಾರ ಕತ್ತರಿಸುವ ಕೆಲಸ ಹಿಂದಿನ ಬೀದಿಯ ಹೆಂಗಸರದು. ಬೆಳಿಗ್ಗೆ ಪ್ಯಾಂಟುಗಳ ಗಂಟು ಒಯ್ದು, ಕಟ್ಟೆಯ ಮೇಲೆ ಕೂತು ಕತ್ತರಿಸಿ, ಸಂಜೆ ತಂದೊಪ್ಪಿಸುವರು. ನನ್ನ ಬಾಡಿಗೆ ಕೋಣೆಯ ಪಕ್ಕದ ಮನೆಯ ಅಕ್ಕನೂ ಅವರಲ್ಲೊಬ್ಬರು. ಗಂಡ ತೀರಿಕೊಂಡಿದ್ದ, ಮಗಳು ನರ್ಸಿಂಗ್ ಓದುತ್ತಿದ್ದಳು. ಆ ಗಂಟುಗಳ ಮೇಲೆಯೇ ಮನೆ ನಡೆಯುತ್ತಿತ್ತು. ಭಾನುವಾರ ನನಗೂ ರೊಟ್ಟಿ ಕಳಿಸುತ್ತಿದ್ದರು.

ಆಗ ಬಂಗಾಳದ ಕಡೆಯಿಂದ ನಾಲ್ಕು ಜನ ಹೊಲಿಗೆಯವರು ಬಂದರು. ಕಡಿಮೆ ದರಕ್ಕೆ ಹೊಲಿದು ಯೂನಿಟ್‌ನಲ್ಲೇ ಮಲಗುತ್ತಿದ್ದರು. ಊರಿನ ಹೊಲಿಗೆಯವರು ಕೂಲಿ ಹೆಚ್ಚಿಸಿ ಎಂದಾಗಲೆಲ್ಲ ಯೂನಿಟ್ಟಿನ ಸಾಹುಕಾರರು ಇವರತ್ತ ಕೈ ತೋರಿಸುವರು. ಅವರಲ್ಲೊಬ್ಬ ನನ್ನ ಪಕ್ಕ ಕೂತು ಉಣ್ಣುತ್ತಿದ್ದ. ಎಲ್ಲರೂ ಅವನನ್ನು ಭಾಯ್ ಎನ್ನುತ್ತಿದ್ದರು. ರಿಜಿಸ್ಟರಿಗೆ ಆಧಾರ್ ಕೇಳಿದಾಗ ತಗ್ಗಿದ ದನಿಯಲ್ಲಿ ಹಿಂದಿಯಲ್ಲಿ ಹೇಳಿದ: ತಮ್ಮ ಮನೆಗಳಿರುವುದು ದೇಶದ ಗಡಿಯ ಆಚೆ, ನಾಲ್ವರಲ್ಲಿ ಯಾರ ಬಳಿಯೂ ಕಾಗದವಿಲ್ಲ.

ಸಾಹುಕಾರರಿಗೆ ತಿಳಿಸಿದೆ. "ಬರಿಬ್ಯಾಡ್ರಿ, ಸುಮ್ನಿರ್ರಿ" ಎಂದರು. ಸುಮ್ಮನಿದ್ದಿದ್ದರೆ ಸಾಕಿತ್ತು. ಕಾಗದವಿಲ್ಲದವರು ಯಾವುದಕ್ಕೂ ಇಲ್ಲವೆನ್ನಲಾರರು ಎಂಬುದು ನನಗೆ ಹೊಳೆಯಿತು. ಮೆಚ್ಚಿಸುವ ಆಸೆ ಬೇರೆ. "ದಾರ ಕತ್ತರಿಸೋದ್ನೂ ಇವ್ರ ಕೈಲೇ ಬಿಟ್ಟಿ ಮಾಡಿಸ್ಬಹುದಲ್ವಾ ಸಾರ್?" ಎಂದೆ. ಅವರು ನಕ್ಕು ಬೆನ್ನು ತಟ್ಟಿದರು.

ಮರುದಿನ ಅಕ್ಕ ಬಂದರು. "ಗಂಟು ಎಲ್ಲೈತಿ ತಮ್ಮಾ?"

"ಇಲ್ಲಕ್ಕ, ಇನ್ಮೇಲೆ ಇಲ್ಲ."

"ಯಾಕ? ನನ್ನ ಕತ್ತರಿ ಮೊಂಡಾತೇನು?"

"ನಾನೇನ್ ಮಾಡ್ಲಿ? ಅವ್ರು ಬಾಂಗ್ಲಾದೇಶದವ್ರು. ಒಂದು ಕಾಗ್ದಾನೂ ಇಲ್ಲ. ಅಂಥವ್ರು ಬಂದ್ರೆ ನಿಮ್ ಕೆಲ್ಸ ಉಳೀತದಾ?"

ಹೇಳಿದ್ದೆಲ್ಲ ನಿಜವೇ. ನನ್ನ ಪಾಲನ್ನು ಮಾತ್ರ ಹೇಳಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಇಡೀ ಬೀದಿಯೇ ಬಂತು. ಮುಂದೆ ಹೆಂಗಸರು, ಹಿಂದೆ ನಾನೆಂದೂ ನೋಡಿರದ ಹುಡುಗರು, ಅವರ ಕೈಯಲ್ಲಿ ಬಡಿಗೆ. ಭಾಯ್ ಚಹಾ ತರಲು ಹೋಗಿದ್ದ. ಗುಂಪು ಕಂಡು ಫ್ಲಾಸ್ಕ್ ಬಿಟ್ಟು ಬಾಗಿಲಿಗೆ ಓಡಿ ಬಂದ. ಬಾಗಿಲಲ್ಲಿ ನಾನಿದ್ದೆ. ಅವನಿಗೆ ಇನ್ನು ನಾಲ್ಕು ಹೆಜ್ಜೆ ಉಳಿದಿತ್ತು. ನಾನು ಷಟರ್ ಎಳೆದೆ.

ಅವನ ಎರಡೂ ಅಂಗೈ ತಗಡಿಗೆ ಬಡಿದವು, ಸರಿಯಾಗಿ ನನ್ನ ಮುಖದೆದುರು. "ಸಾಬ್! ಸಾಬ್!" ಆಮೇಲೆ ಕಲ್ಲು ಬಡಿಯಿತು. ಷಟರ್ ನನ್ನ ಕೈಯಲ್ಲೇ ಇತ್ತು. ಎತ್ತಲಿಲ್ಲ.

ಆಗ ಅಕ್ಕನ ದನಿ ಕೇಳಿಸಿತು. "ಮುಟ್ಟಬ್ಯಾಡ್ರಲೇ! ನಾ ಕೆಲಸ ಕೇಳಾಕ ಬಂದೀನಿ, ಇವನ ತಲಿ ಕೇಳಾಕಲ್ಲ!"

"ಅತ್ಲಾಗ ಸರಿಯಕ್ಕಾ. ಇವ ನಿನ್ನ ಅಳಿಯ ಏನು?"

"ಹೌದಲೇ, ಅಳಿಯನ. ಹೊಡಿ, ನೋಡ್ತೀನಿ!"

ಯಾರೋ ನಕ್ಕರು. ಆ ನಗುವಿಗೇ ಗುಂಪು ಸಡಿಲವಾಯಿತು. ನಾನು ಷಟರ್ ಎತ್ತಿದಾಗ ಅವನ ಹುಬ್ಬಿನಿಂದ ರಕ್ತ ಇಳಿಯುತ್ತಿತ್ತು, ಅಕ್ಕ ಸೆರಗಿನಿಂದ ಒತ್ತಿ ಹಿಡಿದಿದ್ದರು. ಅವನು ನನ್ನತ್ತ ನೋಡಲಿಲ್ಲ.

ಸಂಜೆಯೊಳಗೆ ಸಾಹುಕಾರರು ನಾಲ್ವರನ್ನೂ ಎಲ್ಲಿಗೋ ಸಾಗಿಸಿದರು. ಗಂಟುಗಳು ಬೀದಿಗೆ ಮರಳಿದವು, ಆದರೆ ಅರ್ಧ ಕೂಲಿಗೆ. ಬಿಟ್ಟಿಯಾಗಿ ಆಗುತ್ತಿದ್ದ ಕೆಲಸಕ್ಕೆ ಅಷ್ಟೇ ಹೆಚ್ಚು ಎಂಬುದು ಸಾಹುಕಾರರ ಲೆಕ್ಕ. ಅದನ್ನು ಅಕ್ಕನಿಗೆ ತಿಳಿಸಬೇಕಾದವನು ನಾನೇ.

"ಅವರಿಗೆ ಇದಕ್ಕ ಏನೂ ಕೊಡತಿದ್ದಿಲ್ಲೇನು?"

"ಇಲ್ಲಕ್ಕ."

"ಅಂಥ ಬುದ್ಧಿ ಸಾವ್ಕಾರ್ಗೆ ಯಾರು ಹೇಳಿಕೊಟ್ರಪಾ?"

"ಗೊತ್ತಿಲ್ಲಕ್ಕ" ಎಂದೆ.

ಅಕ್ಕ ಗಂಟನ್ನು ತಲೆಯ ಮೇಲಿಟ್ಟುಕೊಂಡು ಹೋದರು. ಆ ಭಾನುವಾರವೂ ರೊಟ್ಟಿ ಬಂತು. ತಿಂದೆ.