ತಹಾನಿ ಬಿಚ್ಚದೆ ಇಟ್ಟ ಮಷೀನು

ತಾಂತಾ ಪೇಟೆಯ ತರಕಾರಿ ಸಾಲಿನಲ್ಲಿ ತಹಾನಿಯಷ್ಟು ಚುರುಕಾಗಿ ಬದನೆಕಾಯಿ ಕೊರೆಯುವವರು ಯಾರೂ ಇರಲಿಲ್ಲ. ಕಚೇರಿಗೆ ಹೋಗುವ ಹೆಂಗಸರಿಗೆ ಕೂತು ತಿರುಳು ತೆಗೆಯಲು ಪುರಸೊತ್ತೆಲ್ಲಿ? ಇವಳು ಎಳೆ ಬದನೆಯ ಹೊಟ್ಟೆಯನ್ನೆಲ್ಲ ಖಾಲಿ ಮಾಡಿ, ಅಕ್ಕಿ ತುಂಬಿ ಬೇಯಿಸುವುದೊಂದೇ ಬಾಕಿ ಅನ್ನುವ ಹಾಗೆ ಕಟ್ಟಿಕೊಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮಗಳು ರಿಹಾಬಳನ್ನು ಸಾಕಿದ್ದು, ಓದಿಸಿದ್ದು, ಅವಳ ಮದುವೆಗೆ ಸಾಮಾನು ಕೂಡಿಹಾಕಿದ್ದು ಎಲ್ಲ ಈ ಕೆಲಸದಿಂದಲೇ.

ಸಾಮಾನು ಎಂದರೆ ನಾಲ್ಕು ಪಾತ್ರೆಯಲ್ಲ ಮಹರಾಯರೇ! ಒಲೆ, ಫ್ರಿಜ್ಜು, ಬಟ್ಟೆ ಒಗೆಯುವ ಮಷೀನು, ಮೇಲೆ ದಿಂಬು, ರಜಾಯಿ, ಪಿಂಗಾಣಿ. ನಮ್ಮ ಕಡೆ ಹೆಣ್ಣು ಹೆತ್ತವಳು ಮಗು ಅಂಬೆಗಾಲಿಡುವಾಗಲೇ ಈ ಚಿಂತೆಗೆ ಬೀಳುತ್ತಾಳೆ. ರಿಹಾಬ್ ಇನ್ನೂ ಹೈಸ್ಕೂಲಿನಲ್ಲಿದ್ದಾಗ ಅಗ್ಗಕ್ಕೆ ಸಿಕ್ಕಿತೆಂದು ತಹಾನಿ ಮಷೀನು ತಂದಳು. ತಂದು ರಟ್ಟಿನ ಡಬ್ಬವನ್ನು ಬಿಚ್ಚದೆ ಮೂಲೆಗೆ ನಿಲ್ಲಿಸಿ, ಕಸೂತಿ ಬಟ್ಟೆ ಹೊದಿಸಿ, ಮೇಲೆ ಟೀವಿ ಇಟ್ಟಳು. ಅಲ್ಲಿಂದ ಐದು ವರ್ಷಕ್ಕೂ ಮೇಲೆ ಆ ಡಬ್ಬದ ಪಕ್ಕದಲ್ಲೇ ಬೋಗುಣಿ ಇಟ್ಟುಕೊಂಡು, ಕೈ ಚರ್ಮ ಸುಲಿಯುವಂತೆ ತಾನು ಬಟ್ಟೆ ತಿಕ್ಕಿದಳು. ಹುಚ್ಚಲ್ಲವೇ? ಹುಚ್ಚೇ. ಆದರೆ ಆ ಓಣಿಯಲ್ಲಿ ಮನೆಮನೆಯಲ್ಲೂ ಇದೇ ಹುಚ್ಚು.

ಪಕ್ಕದ ಮನೆಯವಳೊಮ್ಮೆ, "ಒಂದ್ಸಲ ಸ್ವಿಚ್ ಹಾಕಿ ನೋಡೇ, ಓಡುತ್ತೋ ಇಲ್ವೋ" ಅಂದಿದ್ದಳು.

"ಬಾಯಿ ಮುಚ್ಚು!" ಎಂದು ತಹಾನಿ ಎಗರಿಬಿದ್ದಿದ್ದಳು. "ಬಿಚ್ಚಿದ ಡಬ್ಬ ಬೀಗರ ಓಣಿಗೆ ಹೋದ್ರೆ ಏನಂದಾರು? ತಾನು ಬಳಸಿ ಬಿಟ್ಟಿದ್ದನ್ನ ಒರೆಸಿ ಕೊಟ್ಲು ಅನ್ನಲ್ವಾ?"

ವರ ಉಸಾಮಾ ಮಿಲಿಟರಿ ಸೇವೆ ಮುಗಿಸಿ ಬರಬೇಕಿತ್ತು, ಅವನ ಮನೆಯ ಮೇಲಂತಸ್ತಿಗೆ ಗಾರೆ ಆಗಬೇಕಿತ್ತು. ಹೀಗೆ ಮದುವೆ ಮುಂದಕ್ಕೆ ಹೋಗುತ್ತಲೇ ಇತ್ತು. ಕೊನೆಗೂ ಸಾಮಾನು ಹೊತ್ತ ಲಾರಿಗಳು ಹಾರನ್ ಬಾರಿಸುತ್ತ, ಹೆಂಗಸರ ಹರ್ಷದ ಕೇಕೆಯ ನಡುವೆ ಬೀಗರ ಓಣಿಗೆ ನುಗ್ಗಿದ ದಿನ ತಹಾನಿಯ ಕಾಲು ನೆಲದ ಮೇಲಿರಲಿಲ್ಲ. ಮಷೀನಿನ ಡಬ್ಬಕ್ಕೆ ಅಂಟಿಸಿದ ಟೇಪು ಒಂದು ಕಡೆಯೂ ಕಿತ್ತಿರಲಿಲ್ಲ. ಅದರ ಮೇಲೆ ಅಂಗೈಯಗಲದ ಅಕ್ಷರದಲ್ಲಿ "ಐದು ವರ್ಷ ವಾರಂಟಿ" ಎಂದಿತ್ತು. ಇನ್ನೈದು ವರ್ಷ ಮಗಳಿಗೆ ಚಿಂತೆಯಿಲ್ಲ ಎಂದು ತಹಾನಿ ಹಿಗ್ಗಿದಳು.

ಮದುವೆಯಾದ ವಾರಕ್ಕೆ ರಿಹಾಬಳ ಫೋನು ಬಂತು. ಪಿಸುಮಾತು.

"ಅಮ್ಮಾ, ಮಷೀನು ತಿರುಗ್ತಿಲ್ಲ. ಗುರ್ ಅಂತು, ಸುಟ್ಟ ವಾಸನೆ ಬಂತು, ನಿಂತೋಯ್ತು."

"ನೀರು ಬಿಟ್ಟಿದ್ದೆ ತಾನೇ?"

"ಎಲ್ಲಾ ಮಾಡ್ದೆ ಅಮ್ಮ. ಏನೂ ಇಲ್ಲ."

"ನಿಮ್ಮತ್ತೆಗೆ ಗೊತ್ತಾಯ್ತಾ?"

"ಇನ್ನೂ ಇಲ್ಲ."

ಅತ್ತೆ ನಾದ್ರಾ ಕೆಳಗಿನ ಅಂತಸ್ತಿನಲ್ಲೇ ಇರುವವಳು, ಬಾಯಿ ಎಂದರೆ ಬಾಯಿ. ನಿಶ್ಚಿತಾರ್ಥದ ದಿನವೇ ನಾಲ್ಕು ಜನರ ಮುಂದೆ, "ಬದನೆಕಾಯಿ ಕೊರೆಯೋಳ ಮನೆಯಿಂದ ಏನು ಬರುತ್ತೋ ನೋಡೋಣ" ಎಂದು ನಕ್ಕವಳು. ಈ ಸುದ್ದಿ ಅವಳ ಕಿವಿಗೆ ಬಿದ್ದರೆ ಮುಗಿಯಿತು, ಬದುಕಿರುವ ತನಕ ರಿಹಾಬ್ ಆ ಮನೆಯಲ್ಲಿ ತಲೆ ಎತ್ತುವ ಹಾಗಿಲ್ಲ. ಅಷ್ಟರೊಳಗೆ ಮಷೀನು ತಿರುಗಬೇಕು.

ಅಲ್ಲಿಯ ತನಕ ರಿಹಾಬ್ ಮಾರ್ಕೆಟ್ಟಿಗೆ ಹೋಗುವ ನೆಪದಲ್ಲಿ ಗಂಡನ ಮಾಸಿದ ಬಟ್ಟೆಯನ್ನು ಚೀಲದಲ್ಲಿ ತಂದು ತಾಯಿಗೆ ಕೊಡುವುದು, ತಹಾನಿ ಅದನ್ನು ಅದೇ ಹಳೆಯ ಬೋಗುಣಿಯಲ್ಲಿ ಒಗೆದು ಕಳಿಸುವುದು ಎಂದಾಯಿತು. ತಾಯಿ ಮಗಳು ಇಬ್ಬರೂ ಕಳ್ಳರ ಹಾಗೆ ಬದುಕತೊಡಗಿದರು.

ತಹಾನಿ ಅಂಗಡಿಗೆ ಓಡಿದಳು. ಮಾಲೀಕ ಹಾಜಿ ಬದ್ರಾವಿ ರಸೀದಿ ನೋಡಿ ತಲೆಯಾಡಿಸಿದ.

"ಮುಗೀತಲ್ಲ ತಾಯಿ. ಹೋದ ಚಳಿಗಾಲಕ್ಕೇ ಐದು ವರ್ಷ ಆಯ್ತು."

"ಹೇಗೆ ಮುಗಿಯುತ್ತೆ? ಡಬ್ಬ ಬಿಚ್ಚಿದ್ದೇ ಮೊನ್ನೆ! ಮದುವೆ ದಿನದಿಂದ ತಾನೇ ಲೆಕ್ಕ?"

"ಅಂಗಡಿಯಿಂದ ತಗೊಂಡುಹೋದ ದಿನದಿಂದ ಲೆಕ್ಕ. ನಿಮ್ಮ ಮಗಳ ಮದುವೆ ಯಾವಾಗ ಅಂತ ಕಂಪನಿಯೋರಿಗೇನು ಕನಸು ಬೀಳುತ್ತಾ?"

"ಹಾಗಂತ ಅವತ್ತೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ರೋಗ? ಮದುವೆ ಸಾಮಾನು ಅಂತ ಗೊತ್ತಿತ್ತಲ್ಲ ನಿಮಗೆ! ಶುಭವಾಗ್ಲಿ ಅಂತ ಹರಸಿ ಕಳಿಸಿದ್ರಲ್ಲ!"

ಹಾಜಿ ರಸೀದಿ ಮಡಚಿ ಅವಳ ಕೈಗಿಟ್ಟ. ಬೇರೆ ಗಿರಾಕಿಯ ಕಡೆ ತಿರುಗಿದ.

ನಾದ್ರಾ ಯಾರದೋ ಸಾವಿಗೆ ಹೋಗಿದ್ದ ಹೊತ್ತು ನೋಡಿ ತಹಾನಿ ಕಂಪನಿಯ ಮೆಕ್ಯಾನಿಕ್ಕನನ್ನು ಕರೆಸಿದಳು. ಅವನು ಹಿಂದಿನ ಹಲಗೆ ಬಿಚ್ಚಿ ಟಾರ್ಚು ಹಾಕಿದ. ರಬ್ಬರೆಲ್ಲ ಒಣಗಿ ಬಿರುಕು ಬಿಟ್ಟಿತ್ತು, ಮೋಟಾರು ಕಚ್ಚಿಕೊಂಡು ಸುಟ್ಟಿತ್ತು. ಈ ಮಾಡೆಲ್ಲಿಗೆ ಈಗ ಬಿಡಿಭಾಗವೇ ಬರುವುದಿಲ್ಲ ಅಂದ. "ಸುಮ್ನೆ ನಿಲ್ಸಿಟ್ಟೇ ಹಾಳಾಗಿದೆ ಅಮ್ಮ. ಬಳಸಿದ್ರೆ ಚೆನ್ನಾಗಿರ್ತಿತ್ತು."

ಆ ಮಾತು ಕೇಳಿ ತಹಾನಿಗೆ ಅಳುವೂ ಬರಲಿಲ್ಲ. ಮರುದಿನ ಬದನೆಕಾಯಿ ಬುಟ್ಟಿಯನ್ನು ಪಕ್ಕದವಳಿಗೆ ವಹಿಸಿ ಗ್ರಾಹಕರ ದೂರು ಕೇಳುವ ಕಚೇರಿಗೆ ಹೋದಳು. ಅಲ್ಲಿ ಮೇಜಿನ ಹಿಂದೆ ಕೂತಿದ್ದ ಹೆಂಗಸು ಒಳ್ಳೆಯವಳು. ಕೂರಿಸಿ, ನೀರು ಕೊಟ್ಟು, ಪೂರ್ತಿ ಕೇಳಿದಳು.

"ತಂದ ಹೊಸದರಲ್ಲೇ ಓಡಿಸಿ ನೋಡಿ ಕೆಟ್ಟಿದ್ರೆ ವಾಪಸ್ ಕೊಡಬಹುದಿತ್ತು ಅಕ್ಕ. ಐದು ವರ್ಷದೊಳಗೆ ಯಾವಾಗ ಕೆಟ್ಟಿದ್ರೂ ಅವರೇ ರಿಪೇರಿ ಮಾಡಿಕೊಡಬೇಕಿತ್ತು. ಮಾಡದಿದ್ರೆ ನಾವು ಬಿಡ್ತಿರಲಿಲ್ಲ. ಈಗ ನನ್ನ ಕೈಲಿ ಏನೂ ಇಲ್ಲ."

"ಏನಾದ್ರೂ ಮಾಡಿ ತಾಯಿ, ನಿಮ್ಮ ಕಾಲಿಗೆ ಬೀಳ್ತೀನಿ. ನಾನು ಒಂದು ಗೀರೂ ಬೀಳದ ಹಾಗೆ ಇಟ್ಟಿದ್ದೆ..." ಕಣ್ಣಿಗಿಂತ ಹೆಚ್ಚಾಗಿ ಕಾಪಾಡಿದ್ದೇ ತಪ್ಪಾಯಿತೆಂದರೆ ಮನುಷ್ಯ ಯಾರ ಮೇಲೆ ಸಿಟ್ಟು ಮಾಡಬೇಕು? ಅಂಗಡಿಯವನ ಮೇಲೋ, ಕಂಪನಿಯ ಮೇಲೋ, ತನ್ನ ಮೇಲೋ?

ಮೆಟ್ಟಿಲಿಳಿಯುವಾಗಲೇ ಫೋನು ಹೊಡೆದುಕೊಂಡಿತು. "ಅಮ್ಮಾ, ಬೇಗ ಬಾ! ಅತ್ತೆ ಚಳಿಗಾಲದ ಕಂಬಳಿಗಳನ್ನೆಲ್ಲ ನನ್ನ ಮಷೀನಿಗೆ ಹಾಕ್ತೀನಿ ಅಂತ ಹೊತ್ತು ತರ್ತಿದಾರೆ!"

ತಹಾನಿ ವ್ಯಾನು ಹತ್ತಿ, ಇಳಿದು, ಓಣಿಯಲ್ಲಿ ಬಿದ್ದಂಬೀಳ ಓಡಿದಳು. ತಡವಾಗಿತ್ತು. ನಾದ್ರಾ ಬಚ್ಚಲಮನೆ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ರಿಹಾಬ್ ಗೋಡೆಗೊರಗಿ ಬಿಕ್ಕುತ್ತಿದ್ದಳು.

"ಬನ್ನಿ ಬೀಗಿತಿ, ಬನ್ನಿ! ನಿಮ್ಮ ಮಷೀನು ಸತ್ತುಬಿದ್ದಿದೆಯಲ್ಲ! ಯಾವ ಗುಜರಿಯಲ್ಲಿ ಆರಿಸಿಕೊಂಡು ಬಂದ್ರಿ? ಹಳೇ ಮಾಲಿಗೆ ಹೊಸ ಡಬ್ಬ ಸುತ್ತಿ ನನ್ನ ಮಗನ ತಲೆಗೆ ಕಟ್ಟಿದ್ರಾ?"

"ಆಣೆ ಮಾಡಿ ಹೇಳ್ತೀನಿ ನಾದ್ರಾ, ಹೊಸದೇ. ತಂದು ಐದು ವರ್ಷದ ಮೇಲಾಯ್ತು, ಬಿಚ್ಚೇ ಇರಲಿಲ್ಲ. ನಿಂತು ನಿಂತು ಒಳಗೇ ಸತ್ತಿದೆ. ಕೇಳೋಣ ಅಂತ ಹೋದ್ರೆ ವಾರಂಟಿನೂ ಮುಗಿದಿದೆ. ತಗೊಂಡ ದಿನದಿಂದ ಲೆಕ್ಕವಂತೆ, ಬಿಚ್ಚಿದ ದಿನದಿಂದ ಅಲ್ಲವಂತೆ."

"ಕಥೆ ಕಟ್ಟಬೇಡಿ! ಬಿಚ್ಚದೇ ಇರೋ ಸಾಮಾನು ಎಲ್ಲಾದ್ರೂ..." ಎಂದ ನಾದ್ರಾಳ ಮಾತು ಅಲ್ಲಿಗೇ ನಿಂತಿತು. "ಯಾವ ದಿನದಿಂದ ಅಂದೆ?"

"ತಗೊಂಡ ದಿನದಿಂದ."

ನಾದ್ರಾಳ ಮುಖದ ಬಣ್ಣ ಇಳಿಯಿತು. ಅವಳಿಗೂ ಒಬ್ಬ ಮಗಳಿದ್ದಳು, ಸಮಾಹ್. ಮದುವೆ ನಿಶ್ಚಯವಾಗಿ ವರ್ಷಗಳಾಗಿದ್ದವು, ವರ ಕುವೈತಿನಿಂದ ಈಗ ಬಂದೆ, ಆಗ ಬಂದೆ ಅನ್ನುತ್ತಿದ್ದ. ನಾದ್ರಾ ದಡದಡ ಕೆಳಗಿಳಿದಳು. ತಹಾನಿ ಹಿಂದೆಯೇ ಹೋದಳು.

ಸಮಾಹಳ ಕೋಣೆಯಲ್ಲಿ ಗೋಡೆ ಕಾಣದಂತೆ, ಸೂರಿನವರೆಗೆ ಡಬ್ಬಗಳನ್ನು ಪೇರಿಸಿಟ್ಟಿತ್ತು. ನಾದ್ರಾ ಅಡುಗೆಮನೆಯ ಚೂರಿ ತಂದು ಫ್ರಿಜ್ಜಿನ ಡಬ್ಬವನ್ನು ಅಡ್ಡಡ್ಡ ಸೀಳಿದಳು. ಇಬ್ಬರೂ ಸೇರಿ ಎಳೆದು ತಂತಿ ಚುಚ್ಚಿದರು. ಒಳಗೆ ದೀಪ ಹತ್ತಿತು.

"ನೋಡ್ದೆಯಾ! ನನ್ನದು ಚೆನ್ನಾಗಿದೆ!" ಎಂದು ನಾದ್ರಾ ಕೂಗಿದಳು. ಕೈ ಒಳಗಿಟ್ಟು ಕಾದಳು. ಬಹಳ ಹೊತ್ತು ಕಾದಳು. "ನೀನು ಮುಟ್ಟಿ ನೋಡೇ. ತಣ್ಣಗಾಗ್ತಿದೆ ಅಲ್ವಾ?"

ತಹಾನಿ ಮುಟ್ಟಿದಳು. ಕೋಣೆಯಷ್ಟೇ ಬೆಚ್ಚಗಿತ್ತು. ಇಷ್ಟು ದಿನ ನುಂಗಿಕೊಂಡಿದ್ದಕ್ಕೆಲ್ಲ ತಿರುಗಿ ಕೊಡಲು ಇದೇ ಸಮಯ, ಅವಳಿಗೂ ನಾಲಿಗೆಯಿತ್ತು. ಆದರೆ ಅವಳು ಮೆಲ್ಲಗೆ ಕೈ ಹೊರಗೆ ತೆಗೆದಳು. ಇಲ್ಲ ಎಂದು ತಲೆಯಲ್ಲಾಡಿಸಿದಳು.

ನಾದ್ರಾ ಕುಸಿದು ನೆಲದಲ್ಲಿ ಕೂತಳು. ತಹಾನಿಯ ನಿಲುವಂಗಿಯ ಅಂಚು ಹಿಡಿದುಕೊಂಡಳು.

"ಯಾರಿಗೂ ಹೇಳಬೇಡ ನನ್ನ ತಾಯಿ. ಸಮಾಹಳ ಅತ್ತೆ ಕಿವಿಗೆ ಬಿದ್ರೆ ನನ್ನ ಮಗಳ ಬಾಳು ಮುಗೀತು. ಆ ಹೆಂಗಸಿನ ಬಾಯಿ ನಿನಗೆ ಗೊತ್ತಿಲ್ಲ."

"ಹೇಳಲ್ಲ, ಏಳು" ಎಂದಳು ತಹಾನಿ.

ನಾದ್ರಾ ಏಳಲಿಲ್ಲ. ಉಳಿದ ಡಬ್ಬಗಳ ಕಡೆ ಒಮ್ಮೆ ನೋಡಿ, ಚೂರಿಯನ್ನು ತಹಾನಿಯ ಕೈಗೆ ಕೊಟ್ಟಳು.

"ನೀನೇ ಬಿಚ್ಚೇ. ನನ್ನ ಕೈಯಲ್ಲಿ ಆಗಲ್ಲ."